ಊರಿನಲ್ಲಿ ಮನಸ್ಸಿನ ಮಾತಿಗೆ ಕೂರುವುದು ಹೇಗೆ?

"ನಮ್ಮ ಸಂಘದಲ್ಲಿ ಮನಸ್ಸಿನ ಕಷ್ಟಗಳ ಬಗ್ಗೆ ಮಾತಾಡಬೇಕು ಅಂತ ಆಸೆ ಇದೆ. ಎಲ್ಲಿಂದ ಶುರು ಮಾಡೋದು?" ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದ ಕಡೆಯಿಂದ ಈ ಪ್ರಶ್ನೆ ಬರುತ್ತಲೇ ಇದೆ. ಕೇಳುವವರಲ್ಲಿ ಸ್ತ್ರೀಶಕ್ತಿ ಸಂಘದ ಪ್ರತಿನಿಧಿಗಳಿದ್ದಾರೆ, ಆಶಾ ಕಾರ್ಯಕರ್ತೆಯರಿದ್ದಾರೆ, ಹೈಸ್ಕೂಲ್ ಮೇಷ್ಟ್ರುಗಳಿದ್ದಾರೆ, ಒಬ್ಬರು ಡೈರಿ ಕಾರ್ಯದರ್ಶಿಯೂ ಇದ್ದಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಗೊತ್ತಿರುವುದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಕೋಲಾರ ಜಿಲ್ಲೆಯ ಹಳ್ಳಿಗಳು ಕಣ್ಣ ಮುಂದಿವೆ. ಪಕ್ಕದ ಚಿಕ್ಕಬಳ್ಳಾಪುರಕ್ಕೂ ಬಹುಪಾಲು ಹೊಂದುತ್ತದೆ.

ಇದು ಯಾಕೆ ಬೇಕು ಅನ್ನುವುದಕ್ಕೆ ಒಂದೇ ಲೆಕ್ಕ ಹೇಳುತ್ತೇನೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿತು. ಅದಕ್ಕೂ ಮೊದಲು ಪ್ರಾಯೋಗಿಕವಾಗಿ ಮನೆ ಮನೆ ತಿರುಗಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. ಸಮೀಕ್ಷೆಯಲ್ಲಿ ನೂರು ವಯಸ್ಕರಲ್ಲಿ ಹತ್ತಕ್ಕಿಂತ ಸ್ವಲ್ಪ ಹೆಚ್ಚು ಜನಕ್ಕೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಹೆಚ್ಚಿನವರು ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ನಿಮ್ಮೂರಿನಲ್ಲಿ 300 ವಯಸ್ಕರಿದ್ದಾರೆ ಅಂದುಕೊಳ್ಳಿ. ಆ ಲೆಕ್ಕದಲ್ಲಿ ಮೂವತ್ತು ಜನ ಆಯಿತು. ನಿಮಗೆ ಎಷ್ಟು ಜನ ಗೊತ್ತು? ಒಬ್ಬರು, ಇಬ್ಬರು, ಅಲ್ವಾ? ಉಳಿದವರು ಸುಮ್ನಿದ್ದಾರೆ.

ಒಂದು ವಿಷಯ ಮೊದಲೇ ಸ್ಪಷ್ಟವಾಗಿರಲಿ. ನೀವು ಮಾಡಲು ಹೊರಟಿರುವುದು ಚಿಕಿತ್ಸೆ ಅಲ್ಲ. ಕಷ್ಟದಲ್ಲಿರುವವರು ಬಾಯಿ ಬಿಟ್ಟು ಹೇಳಬಹುದಾದ ಜಾಗ ಮಾಡುವುದು, ಬೇಕಾದವರನ್ನು ಡಾಕ್ಟರ ಹತ್ತಿರ ತಲುಪಿಸುವುದು, ಇಷ್ಟೇ ನಿಮ್ಮ ಕೆಲಸ. ಇದಕ್ಕೆ ಡಿಗ್ರಿ ಬೇಡ.

ಬೇಕಾಗಿರುವುದು

ಬಾಯಿ ಬಿಗಿ ಇರುವ ಎರಡು ಮೂರು ಜನ. ಕೂರಲು ಒಂದು ಜಾಗ. ತಿಂಗಳಿಗೆ ಒಂದು ಗಂಟೆ. ಫೋನ್ ನಂಬರುಗಳಿರುವ ಒಂದು ಹಾಳೆ. ಮೈಕು, ಬ್ಯಾನರು, ಅತಿಥಿ, ಶಾಲು ಯಾವುದೂ ಬೇಡ. ದೀಪ ಬೆಳಗಿಸಿ ಭಾಷಣ ಮಾಡಿಸಿದರೆ ಜನ ಬರುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಮನೆಗೆ ಹೋಗುತ್ತಾರೆ. ಮಾತು ಮಾತ್ರ ಹೊರಗೆ ಬರುವುದಿಲ್ಲ.

1. ಮೊದಲು ಕಳಿಸುವ ದಾರಿ ನೋಡಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲೇ. ಸಭೆ ಕರೆದುಬಿಡುತ್ತಾರೆ. ಯಾರೋ ಅಳುತ್ತಾ ಎಲ್ಲ ಹೇಳಿಕೊಳ್ಳುತ್ತಾರೆ. ಆಮೇಲೆ ಅವರನ್ನು ಎಲ್ಲಿಗೆ ಕಳಿಸಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ. ಗಾಯದ ಪಟ್ಟಿ ಬಿಚ್ಚಿ ಹಾಗೇ ಬಿಟ್ಟಂತೆ ಆಗುತ್ತದೆ. ಅದಕ್ಕೇ ಯಾರನ್ನೂ ಕರೆಯುವ ಮುಂಚೆ ಒಂದು ವಾರ ಈ ಕೆಲಸಕ್ಕೆ ಇಡಿ.

ಹಾಳೆಯ ಮೇಲೆ ಮೊದಲು ಬರೆಯಬೇಕಾದ ನಂಬರ್ 14416. ಇದು ಟೆಲಿ ಮಾನಸ್, ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾಯಿತು. ಹಗಲು ರಾತ್ರಿ ಇರುತ್ತದೆ. ಮೊದಲು ಆಪ್ತಸಮಾಲೋಚಕರು, ಅಂದರೆ ಮಾತಿನ ಮೂಲಕ ನೆರವಾಗಲು ತರಬೇತಿ ಪಡೆದವರು ಮಾತಾಡುತ್ತಾರೆ. ಬೇಕಾದರೆ ಮನೋವೈದ್ಯರಿಗೆ ಕೊಡುತ್ತಾರೆ. ಮನೋವೈದ್ಯರು ಅಂದರೆ ಎಂಬಿಬಿಎಸ್ ಮುಗಿಸಿ ಮನಸ್ಸಿನ ಕಾಯಿಲೆಗಳ ಬಗ್ಗೆ ಮುಂದೆ ಓದಿದ ಡಾಕ್ಟರು. ಔಷಧಿ ಬರೆಯುವವರು ಅವರು. ಸಾಲು ಸಿಗದಿದ್ದರೆ 1800-891-4416 ಇದೆ.

ಬೇರೆಯವರಿಗೆ ಕೊಡುವ ಮುಂಚೆ ನೀವೇ ಒಂದು ಸಲ 14416ಕ್ಕೆ ಮಾಡಿ ನೋಡಿ. ಯಾವ ಬಟನ್ ಒತ್ತಬೇಕು, ಭಾಷೆ ಹೇಗೆ ಆರಿಸಬೇಕು, ಎಷ್ಟು ಹೊತ್ತು ಕಾಯಬೇಕು ಅಂತ ನಿಮಗೆ ಗೊತ್ತಿದ್ದರೆ "ನಾನು ಮಾಡಿದ್ದೀನಿ, ಹೀಗೆ ಕೇಳ್ತಾರೆ" ಅಂತ ಹೇಳಬಹುದು. ಆ ಒಂದು ಮಾತಿಗೆ ಅರ್ಧ ಭಯ ಹೋಗುತ್ತದೆ.

ಆಮೇಲೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಡಾಕ್ಟರನ್ನು ನೋಡಿ. "ನಮ್ಮೂರಿನಿಂದ ನಿದ್ದೆ ಇಲ್ಲ, ಬೇಜಾರು ಅಂತ ಯಾರಾದರೂ ಬಂದರೆ ನೋಡ್ತೀರಾ? ಯಾವ ದಿನ ಬಂದರೆ ಪುರುಸೊತ್ತಾಗಿ ಮಾತಾಡಬಹುದು?" ಅಂತ ಕೇಳಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ. ಆ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅನ್ನುವುದನ್ನು ಆಸ್ಪತ್ರೆಯಲ್ಲೇ ಕೇಳಿ ಬರೆದುಕೊಳ್ಳಿ. ಕೋಲಾರದಲ್ಲಿ ಜಿಲ್ಲಾ ಆಸ್ಪತ್ರೆ ಎಸ್‌ಎನ್‌ಆರ್ ಇದೆ. ಟಮಕದ ಮೆಡಿಕಲ್ ಕಾಲೇಜಿಗೆ ಸೇರಿದ ಜಾಲಪ್ಪ ಆಸ್ಪತ್ರೆ ಇದೆ. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ನಮಗೆ ದೂರವೇನಲ್ಲ. ಆದರೆ ಎಲ್ಲರನ್ನೂ ಅಲ್ಲಿಗೇ ಓಡಿಸಬೇಡಿ. ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೆ ಬರುವವರ ಕೂಲಿ ಸೇರಿದರೆ ಎರಡನೇ ಸಲ ಹೋಗುವುದೇ ಇಲ್ಲ. ಹತ್ತಿರದಲ್ಲಿ ಆಗುವುದು ಹತ್ತಿರದಲ್ಲೇ ಆಗಲಿ.

ಹಾಳೆಯ ಕೆಳಗೆ 108 ಆಂಬುಲೆನ್ಸ್, 112 ತುರ್ತು ಕರೆ, 181 ಮಹಿಳಾ ಸಹಾಯವಾಣಿ, 1098 ಮಕ್ಕಳ ಸಹಾಯವಾಣಿ ಬರೆಯಿರಿ. ಯಾಕೆಂದರೆ ಮನಸ್ಸಿನ ಮಾತು ಅಂತ ಶುರುವಾದದ್ದು ಎಷ್ಟೋ ಸಲ ಗಂಡನ ಏಟಿನ ಮಾತಾಗಿರುತ್ತದೆ.

2. ಜಾಗ ಮತ್ತು ಹೊತ್ತು

ನಮ್ಮ ಕಡೆ ಊರಿನ ಗಡಿಯಾರ ಅಂದರೆ ಡೈರಿ. ಬೆಳಗ್ಗೆ ಸಂಜೆ ಹಾಲು ಹಾಕುವ ಹೊತ್ತಿನಲ್ಲಿ ಯಾರೂ ಕೂರುವುದಿಲ್ಲ. ರೇಷ್ಮೆ ಸಾಕುವ ಮನೆಯವರಿಗೆ ಹುಳು ಹಣ್ಣಾಗುವ ವಾರ ಉಸಿರಾಡಲೂ ಬಿಡುವಿಲ್ಲ. ಟೊಮೆಟೊ ಕೊಯ್ಲಿನ ದಿನವೂ ಹಾಗೆಯೇ. ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ ಹೆಂಗಸರಿಗೆ ಸರಿಹೋಗುತ್ತದೆ. ಅಂಗನವಾಡಿ, ಸಮುದಾಯ ಭವನ, ಯಾರದಾದರೂ ಮನೆಯ ಪಡಸಾಲೆ, ಎಲ್ಲಾದರೂ ಸರಿ. ಅರಳಿಕಟ್ಟೆ ಮಾತ್ರ ಬೇಡ. ಬಸ್ಸಿಗೆ ಕಾಯುವವರೆಲ್ಲ ಕೇಳಿಸಿಕೊಳ್ಳುತ್ತಾರೆ.

ಎಚ್ಚರ: ಸಾಲದ ಕಂತು ಕಟ್ಟುವ ದಿನ ಈ ಸಭೆ ಇಡಬೇಡಿ. ಅದೇ ಹೆಂಗಸರು, ಅದೇ ಚಾಪೆ, ಎಲ್ಲ ಅನುಕೂಲ ಅನ್ನಿಸುತ್ತದೆ. ಆದರೆ ಯಾರ ನಿದ್ದೆ ಕಂತಿನಿಂದಲೇ ಕೆಟ್ಟಿದೆಯೋ ಅವರು ಕಂತು ವಸೂಲಿ ಮಾಡುವವರ ಎದುರು ಬಾಯಿ ಬಿಡುತ್ತಾರಾ? ಜಾಮೀನು ನಿಂತ ಪಕ್ಕದ ಮನೆಯವಳ ಎದುರು?

3. "ಮಾನಸಿಕ" ಅನ್ನುವ ಪದದಿಂದ ಶುರು ಮಾಡಬೇಡಿ

"ಮಾನಸಿಕ ರೋಗದ ಬಗ್ಗೆ ಸಭೆ ಇದೆ ಬನ್ನಿ" ಅಂದರೆ ಯಾರೂ ಬರುವುದಿಲ್ಲ. ಬಂದವರನ್ನು ಊರು ಬೇರೆ ಕಣ್ಣಿನಿಂದ ನೋಡುತ್ತದೆ. ನಮ್ಮಲ್ಲಿ ಮಾನಸಿಕ ಅಂದರೆ ಹುಚ್ಚು ಅಂತಲೇ ಕಿವಿಗೆ ಬೀಳುವುದು. ಮಗಳಿಗೆ ಸಂಬಂಧ ಕುದುರಲ್ಲ ಅನ್ನುವ ಭಯ ಹಿಂದೆಯೇ ಬರುತ್ತದೆ.

ಜನ ತಮ್ಮ ಕಷ್ಟವನ್ನು ಯಾವ ಮಾತಿನಲ್ಲಿ ಹೇಳುತ್ತಾರೋ ಅಲ್ಲಿಂದ ಹಿಡಿಯಿರಿ. ನಿದ್ದೆ ಬರ್ತಿಲ್ಲ. ಊಟ ಸೇರ್ತಿಲ್ಲ. ಎದೆ ಡವಡವ ಅನ್ನುತ್ತೆ. ಯಾಕೋ ಏನೂ ಬೇಡ ಅನ್ಸುತ್ತೆ. ತಲೆ ಭಾರ. ಸುಮ್ಸುಮ್ನೆ ಸಿಟ್ಟು ಬರುತ್ತೆ. ಸುಸ್ತು ಅಂತ ತಿಂಗಳಿಗೊಮ್ಮೆ ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡು ಬರುವವರು ಪ್ರತಿ ಊರಿನಲ್ಲೂ ಇದ್ದಾರೆ. ಎಲ್ಲ ಟೆಸ್ಟೂ ನಾರ್ಮಲ್. ಸುಸ್ತು ಮಾತ್ರ ಹೋಗಿಲ್ಲ. ಅವರಲ್ಲಿ ಎಷ್ಟೋ ಜನರ ಸುಸ್ತು ಮನಸ್ಸಿನದು. ಹಾಗಂತ ಅದು ಸುಳ್ಳು ಸುಸ್ತಲ್ಲ.

ಸಭೆಗೆ "ನಿದ್ದೆ ಬಗ್ಗೆ ಮಾತಾಡೋಣ" ಅಂತ ಕರೆಯಿರಿ. ನಿದ್ದೆಗೆ ನಾಚಿಕೆ ಇಲ್ಲ. ಅತ್ತೆಯೂ ಬರುತ್ತಾರೆ, ಸೊಸೆಯೂ ಬರುತ್ತಾಳೆ.

ಭಾಷೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳ ಒಳಗೆ ತೆಲುಗು. ಕೆಜಿಎಫ್ ಕಡೆ ತಮಿಳು. ಉರ್ದು ಮಾತಾಡುವ ಮನೆಗಳೂ ಬೇಕಾದಷ್ಟಿವೆ. ಸಂಘದ ಲೆಕ್ಕವನ್ನು ಎಲ್ಲರೂ ಕನ್ನಡದಲ್ಲೇ ಹೇಳುತ್ತಾರೆ. ದುಃಖ ಮಾತ್ರ ಮನೆ ಮಾತಿನಲ್ಲೇ ಬರುತ್ತದೆ. ಬರಲಿ ಬಿಡಿ, "ಕನ್ನಡದಲ್ಲಿ ಹೇಳಿ" ಅಂತ ತಡೆಯಬೇಡಿ. ಟೆಲಿ ಮಾನಸ್‌ನಲ್ಲೂ ಈ ಭಾಷೆಗಳೆಲ್ಲ ಸಿಗುತ್ತವೆ.

ಎರಡು ಮೂರು ಪದಗಳ ಅರ್ಥ ನಿಮಗೆ ಗೊತ್ತಿರಲಿ. ಸಭೆಯಲ್ಲಿ ಪಾಠ ಮಾಡಲಿಕ್ಕಲ್ಲ, ನಿಮ್ಮ ತಿಳಿವಳಿಕೆಗೆ. ಖಿನ್ನತೆ, ಅಂದರೆ ಡಿಪ್ರೆಶನ್: ಎರಡು ವಾರ ಅಥವಾ ಜಾಸ್ತಿ, ದಿನದ ಹೆಚ್ಚು ಹೊತ್ತು ಬೇಜಾರು, ಇಷ್ಟವಾದದ್ದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಏರುಪೇರು, ಕೆಲಸ ಸಾಗುವುದಿಲ್ಲ. ಆತಂಕದ ಕಾಯಿಲೆ: ಕಾರಣ ಇಲ್ಲದಿದ್ದರೂ ಅಥವಾ ಕಾರಣಕ್ಕಿಂತ ಹೆಚ್ಚಾಗಿ ಭಯ, ಎದೆ ಬಡಿತ, ಬೆವರು. ಸ್ಕಿಜೋಫ್ರೇನಿಯಾ: ಬೇರೆಯವರಿಗೆ ಕೇಳಿಸದ ದನಿ ಕೇಳಿಸುವುದು, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಅನ್ನುವ ಗಟ್ಟಿ ನಂಬಿಕೆ, ತನ್ನ ಪಾಡಿಗೆ ತಾನು ಮಾತಾಡುವುದು, ಸ್ನಾನ ಊಟದ ಪರಿವೆ ಇಲ್ಲದಿರುವುದು. ಮೂರಕ್ಕೂ ಚಿಕಿತ್ಸೆ ಇದೆ. ಯಾರಿಗೆ ಯಾವುದು ಅಂತ ಹೆಸರಿಡುವುದು ಡಾಕ್ಟರ ಕೆಲಸ. "ನಿನಗೆ ಡಿಪ್ರೆಶನ್ ಇದೆ" ಅಂತ ನೀವು ಯಾವತ್ತೂ ಹೇಳಬೇಡಿ.

4. ಗುಟ್ಟು ಗುಟ್ಟಾಗಿರಲಿ

ಹಳ್ಳಿಯಲ್ಲಿ ಎಲ್ಲಕ್ಕಿಂತ ಕಷ್ಟದ ಹಂತ ಇದು. ಪಟ್ಟಣದಲ್ಲಿ ಕೌನ್ಸೆಲರ್ ಯಾರೋ, ನೀವು ಯಾರೋ. ಇಲ್ಲಿ ಕೇಳಿಸಿಕೊಂಡವರು ನಾದಿನಿಯ ಓರಗಿತ್ತಿ. ಸಂಜೆ ನಲ್ಲಿ ಹತ್ತಿರ ಸಿಗುತ್ತಾರೆ.

ಮೊದಲ ದಿನವೇ, ಪ್ರತಿ ಸಭೆಯ ಶುರುವಿನಲ್ಲೂ, ಇಷ್ಟು ಹೇಳಿ: "ಇಲ್ಲಿ ಕೇಳಿದ್ದು ಇಲ್ಲೇ ಇರಲಿ. ಹೇಳಲೇಬೇಕು ಅಂತ ಇಲ್ಲ, ಸುಮ್ನೆ ಕೂತು ಹೋಗಬಹುದು. ಬೇರೆಯವರ ಮನೆ ವಿಷಯ ಹೇಳಬೇಡಿ, ನಿಮ್ಮದು ಮಾತ್ರ. ಆದರೆ ಯಾರದಾದರೂ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಮಾತ್ರ ನಾವು ಇನ್ನೊಬ್ಬರಿಗೆ ಹೇಳ್ತೀವಿ, ಅದನ್ನೂ ನಿಮಗೆ ತಿಳಿಸಿಯೇ." ಕೊನೆಯ ಮಾತು ಬಿಡಬೇಡಿ. ಯಾರಿಗೂ ಹೇಳಲ್ಲ ಅಂತ ಆಣೆ ಇಟ್ಟು ಆಮೇಲೆ ಹೇಳಬೇಕಾಗಿ ಬಂದರೆ ನಂಬಿಕೆ ಹೋಗುತ್ತದೆ.

ಹಾಜರಿ ಪುಸ್ತಕ ಬೇಡ. ಫೋಟೋ ಬೇಡ. ವಾಟ್ಸಾಪ್ ಗುಂಪಿನಲ್ಲಿ "ಇವತ್ತಿನ ಸಭೆ ಯಶಸ್ವಿ" ಅಂತ ಹಾಕುವುದೂ ಬೇಡ. ನಿಮ್ಮ ಜೊತೆ ಕೆಲಸ ಮಾಡುವವರಲ್ಲಿ ಒಬ್ಬರ ಬಾಯಿ ಸಡಿಲ ಅಂತ ಗೊತ್ತಾದರೆ ದಾಕ್ಷಿಣ್ಯ ನೋಡಬೇಡಿ. ಚಹಾ ಮಾಡುವ ಕೆಲಸ ಕೊಡಿ, ಕೇಳುವ ಕೆಲಸ ಬೇಡ. ಒಂದೇ ಒಂದು ಮಾತು ಹೊರಗೆ ಹೋದರೆ ನಿಮ್ಮ ಒಂದು ವರ್ಷದ ಕೆಲಸ ಮುಗಿಯಿತು.

5. ಕೇಳುವ ರೀತಿ

ನಾನೇ ಕೂತು ನೋಡಿದ ಒಂದು ಸಭೆ ಹೇಳುತ್ತೇನೆ. ಅಂಗನವಾಡಿ ಕೋಣೆ, ಹತ್ತು ಹನ್ನೆರಡು ಹೆಂಗಸರು. ಗೋಡೆಗೆ ಒರಗಿ ಕೂತಿದ್ದ ಒಬ್ಬರು ಮೂರನೇ ಸಲ "ತಲೆನೋವು, ಏನ್ ಮಾಡಿದ್ರೂ ಹೋಗ್ತಿಲ್ಲ" ಅಂದರು. ಮಾತಾಡುತ್ತಾ ಕೈಯಲ್ಲಿದ್ದ ಪಾಸ್‌ಬುಕ್ಕಿನ ಮೂಲೆಯನ್ನು ಮಡಿಸುವುದು, ಬಿಚ್ಚುವುದು. ಪಕ್ಕದವರು ಪ್ರೀತಿಯಿಂದಲೇ ಅಂದರು: "ಮನಸ್ಸಿಗೆ ಹಚ್ಕೋಬೇಡಕ್ಕ, ಧೈರ್ಯ ತಗೋ. ಎಲ್ಲರಿಗೂ ಇರೋದೇ." ಅವರು ಹೂಂ ಅಂದರು. ಪಾಸ್‌ಬುಕ್ ಸೆರಗಿನೊಳಗೆ ಹೋಯಿತು. ಅವತ್ತು ಮತ್ತೆ ಬಾಯಿ ಬಿಡಲಿಲ್ಲ.

ಮುಂದಿನ ತಿಂಗಳು ಅದೇ ತಲೆನೋವಿನ ಮಾತು ಬಂತು. ಈ ಸಲ ಇನ್ನೊಬ್ಬರು ಕೇಳಿದರು, "ರಾತ್ರಿ ಎಷ್ಟು ಹೊತ್ತಿಗೆ ಎಚ್ಚರ ಆಗುತ್ತೆ?" "ಮೂರು ಗಂಟೆಗೆ. ಆಮೇಲೆ ಸೂರು ನೋಡ್ತಾ ಮಲಗಿರ್ತೀನಿ." "ಏನು ಯೋಚನೆ ಬರುತ್ತೆ?" ಆ ಪ್ರಶ್ನೆಗೆ ಬಹಳ ಹೊತ್ತು ಉತ್ತರ ಬರಲಿಲ್ಲ. ಕೇಳಿದವರು ಸುಮ್ಮನೆ ಕಾದರು. ಆಮೇಲೆ ಎಲ್ಲ ಬಂತು. ಕೊರೆಸಿದ ಎರಡು ಬೋರ್‌ವೆಲ್ ಫೇಲಾದದ್ದು, ಅದಕ್ಕೆ ಮಾಡಿದ ಸಾಲ, ಮಾತು ಬಿಟ್ಟ ಗಂಡ.

"ಧೈರ್ಯ ತಗೋ" ಅನ್ನುವುದು ಕೆಟ್ಟ ಮಾತೇನಲ್ಲ. ಆದರೆ ಅದು ಮಾತನ್ನು ಮುಚ್ಚುವ ಮಾತು. ಇಂಥವು ಇನ್ನೂ ಇವೆ: "ನಿನಗೇನು ಕಮ್ಮಿ ಆಗಿದೆ?", "ನನಗೆ ಇದಕ್ಕಿಂತ ಜಾಸ್ತಿ ಕಷ್ಟ ಇತ್ತು", "ಕೆಲಸದಲ್ಲಿ ಮನಸ್ಸಿಡು, ಸರಿಹೋಗುತ್ತೆ", "ಮಕ್ಕಳ ಮುಖ ನೋಡಾದ್ರೂ...". ಇವುಗಳ ಬದಲು ಪ್ರಶ್ನೆ ಕೇಳಿ. ಯಾವಾಗಿನಿಂದ ಹೀಗಿದೆ? ದಿನದಲ್ಲಿ ಯಾವ ಹೊತ್ತು ಜಾಸ್ತಿ ಕಷ್ಟ? ಮನೆಯಲ್ಲಿ ಯಾರಿಗಾದರೂ ಹೇಳಿದ್ದೀರಾ? ಈಗ ನಾವು ಏನು ಮಾಡಿದರೆ ಸ್ವಲ್ಪ ಹಗುರ ಆಗುತ್ತೆ? ಒಂದು ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿ ಕೂರಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಮೌನ ಕಂಡರೆ ನಮಗೆಲ್ಲ ಚಡಪಡಿಕೆ, ಏನಾದರೂ ತುಂಬಿಬಿಡುತ್ತೇವೆ. ತುಂಬಬೇಡಿ.

ಅತ್ತರೆ ಅಳಲಿ. ನೀರು ಕೊಡಿ. "ಅಳಬೇಡಿ" ಅನ್ನಬೇಡಿ.

ಕಷ್ಟಕ್ಕೆ ಹೊರಗಿನ ಕಾರಣ ಇದ್ದರೆ ಅದನ್ನೂ ಹಿಡಿಯಿರಿ. ಸಾಲ ವಸೂಲಿಯವರು ಮನೆ ಮುಂದೆ ಕೂತು ಕಾಡುತ್ತಿದ್ದರೆ ಅದಕ್ಕೆ ಬರೀ ಮಾತ್ರೆ ಸಾಲದು. ಕಿರುಸಾಲದ ಹೆಸರಿನಲ್ಲಿ ಕಿರುಕುಳ ಕೊಡುವುದರ ವಿರುದ್ಧ ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಪೊಲೀಸ್ ಠಾಣೆಗೆ ದೂರು ಕೊಡಬಹುದು. ಒಬ್ಬರೇ ಹೋಗಲು ಹೆದರುತ್ತಾರೆ. ಇಬ್ಬರು ಜೊತೆಗೆ ಹೋಗಿ.

6. ಸಾಯುವ ಮಾತು ಬಂದಾಗ

"ಇದ್ದು ಏನು ಪ್ರಯೋಜನ", "ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ", "ಇನ್ನು ಸಾಕಾಯ್ತು". ಈ ಮಾತುಗಳನ್ನು ಗಾಳಿಗೆ ಬಿಡಬೇಡಿ. ಹೇಳುವವರು ಮಾಡುವುದಿಲ್ಲ ಅನ್ನುವ ನಂಬಿಕೆ ಬಹಳ ಕಡೆ ಇದೆ. ಅದು ತಪ್ಪು.

ಬೇರೆಯವರಿಲ್ಲದ ಕಡೆ ಕರೆದುಕೊಂಡು ಹೋಗಿ ನೇರವಾಗಿ ಕೇಳಿ: "ಸಾಯಬೇಕು ಅನ್ನೋ ಯೋಚನೆ ಬರ್ತಾ ಇದೆಯಾ?" ಕೇಳಿದರೆ ತಲೆಗೆ ಹೊಳೆಯದ ಯೋಚನೆ ಹೊಳೆಸಿದಂತೆ ಆಗುತ್ತದೆ ಅಂತ ಎಲ್ಲರಿಗೂ ಭಯ. ಹಾಗಾಗುವುದಿಲ್ಲ. ಈ ವಿಷಯದಲ್ಲಿ ಪ್ರಪಂಚದಾದ್ಯಂತ ವೈದ್ಯರದು ಒಂದೇ ಮಾತು. ಕೇಳಿದರೆ ಒಳಗಿನ ಒತ್ತಡ ಇಳಿಯುತ್ತದೆ, ಸಹಾಯಕ್ಕೆ ದಾರಿ ಸಿಗುತ್ತದೆ.

ಹೌದು ಅಂದರೆ ಅವರನ್ನು ಒಬ್ಬರೇ ಬಿಡಬೇಡಿ. ಅವರು ನಂಬುವ ಒಬ್ಬರನ್ನು ಮನೆಯಿಂದ ಕರೆಸಿ. ಅಲ್ಲಿಂದಲೇ 14416ಕ್ಕೆ ಫೋನ್ ಮಾಡಿ ಅವರ ಕೈಗೆ ಕೊಡಿ, ಪಕ್ಕದಲ್ಲೇ ಕೂತಿರಿ. ಈಗಲೇ ಏನಾದರೂ ಮಾಡಿಕೊಳ್ಳುವಂತಿದ್ದರೆ 108 ಅಥವಾ 112ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ರೈತರ ಮನೆಗಳಿಗೆ ಇನ್ನೊಂದು ಮಾತು. ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿ ಕೈಗೆ ಸಿಗುವಂತೆ ಇರಬಾರದು. ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಬೀಗದ ಕೈ ಇನ್ನೊಬ್ಬರ ಹತ್ತಿರ. ಮನೆಯಲ್ಲಿ ಯಾರಾದರೂ ಕಷ್ಟದಲ್ಲಿದ್ದರೆ ಕೆಲವು ವಾರ ಅದನ್ನು ಮನೆಯಿಂದಲೇ ಆಚೆ ಸಾಗಿಸಿ, ನೆಂಟರ ಮನೆಯಲ್ಲಿಡಿ. ಆ ಯೋಚನೆ ಎಷ್ಟೋ ಸಲ ಅಲೆಯ ಹಾಗೆ ಬಂದು ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡಲು ಆಗುವುದಾದರೆ ಇದನ್ನು ಮಾಡಿ ಅಂತ ನಿಮ್ಮನ್ನು ಕೇಳಿಕೊಳ್ಳುತ್ತೇನೆ.

"ಪೊಲೀಸ್ ಕೇಸ್ ಆಗುತ್ತೆ" ಅಂತ ಮುಚ್ಚಿಡುವವರಿಗೆ ತಿಳಿಸಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ನೋಡಬೇಕು, ಶಿಕ್ಷೆ ಕೊಡಬಾರದು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ ಅನ್ನೇ ಇಟ್ಟಿಲ್ಲ. ಆಸ್ಪತ್ರೆಯವರು ದಾಖಲೆಗಾಗಿ ಠಾಣೆಗೆ ತಿಳಿಸಬಹುದು. ಅದಕ್ಕೆ ಹೆದರಿ ತಡಮಾಡಬೇಡಿ.

ಊರಿನಲ್ಲಿ ಅಂಥ ಸಾವು ಆಗಿಹೋಗಿದ್ದರೆ ಹೇಗಾಯಿತು, ಏನು ಕುಡಿದರು ಅನ್ನುವ ವಿವರ ಸಭೆಯಲ್ಲಿ ಬೇಡವೇ ಬೇಡ. ಆ ಮನೆಯವರ ಜೊತೆ ಇರುವುದು ಹೇಗೆ ಅಂತ ಮಾತಾಡಿ. ಹದಿಮೂರನೇ ದಿನ ಮುಗಿದ ಮೇಲೆ ಆ ಮನೆಗೆ ಯಾರೂ ಹೋಗುವುದಿಲ್ಲ. ನೀವು ಹೋಗಿ.

7. ದೇವರು, ಗಾಳಿ, ಮಾಟ

"ಗಾಳಿ ಸೋಕಿದೆ, ತಾಯಿತ ಕಟ್ಟಿಸಿದ್ದೀವಿ" ಅಂತ ಯಾರಾದರೂ ಹೇಳಿದರೆ ಮೂಢನಂಬಿಕೆ ಅಂತ ಜಗಳಕ್ಕೆ ಹೋಗಬೇಡಿ. ಜಗಳ ಮಾಡಿದರೆ ಅವರು ಡಾಕ್ಟರನ್ನು ಬಿಡುತ್ತಾರೆ, ತಾಯಿತವನ್ನಲ್ಲ. "ಪೂಜೆ ನಡೀಲಿ, ಜೊತೆಗೆ ಮಾತ್ರೆನೂ ನಡೀಲಿ" ಅನ್ನಿ. ಗುಡಿಗೆ, ದರ್ಗಾಕ್ಕೆ ಹೋಗಿ ಬಂದರೆ ಮನಸ್ಸಿಗೆ ಸಮಾಧಾನ ಆಗುತ್ತದೆ, ಅದರಲ್ಲಿ ತಪ್ಪೇನಿದೆ?

ಆದರೆ ದೆವ್ವ ಬಿಡಿಸುತ್ತೇವೆ ಅಂತ ಹೊಡೆಯುವುದು, ಬರೆ ಹಾಕುವುದು, ಸರಪಳಿಯಲ್ಲಿ ಕಟ್ಟುವುದು ನಡೆಯುತ್ತಿದ್ದರೆ ಸುಮ್ಮನಿರಬೇಡಿ. ಮಾನಸಿಕ ಕಾಯಿಲೆ ಇರುವವರನ್ನು ಸರಪಳಿಯಲ್ಲಿ ಕಟ್ಟುವುದು 2017ರ ಕಾಯ್ದೆಯಲ್ಲಿ ನಿಷಿದ್ಧ. ದೆವ್ವದ ಹೆಸರಿನಲ್ಲಿ ಹಿಂಸೆ ಕೊಡುವುದನ್ನು ತಡೆಯಲು 2020ರಿಂದ ಜಾರಿಯಲ್ಲಿರುವ ರಾಜ್ಯದ್ದೇ ಕಾಯ್ದೆಯೂ ಇದೆ.

ಬಾಣಂತಿಯರ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಹೆರಿಗೆಯಾದ ಮೊದಲ ಕೆಲವು ದಿನ ಸುಮ್ಸುಮ್ನೆ ಅಳು ಬರುವುದು ಸಾಮಾನ್ಯ. ಎರಡು ವಾರದೊಳಗೆ ಸರಿಹೋಗುತ್ತದೆ. ಅದು ಮೀರಿದರೆ ಡಾಕ್ಟರಿಗೆ ತೋರಿಸಿ. ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಅಂತ ಕರೆಯುತ್ತಿದ್ದರಲ್ಲ, ನಿದ್ದೆಯೇ ಇಲ್ಲದೆ ಏನೇನೋ ಮಾತಾಡುವುದು, ಮಗುವನ್ನು ಕಂಡರೆ ಭಯಪಡುವುದು, ಅದು ನಿಜವಾದ ಕಾಯಿಲೆ. ಅವತ್ತೇ ಆಸ್ಪತ್ರೆಗೆ ಹೋಗಬೇಕು. ತಾಯಿಗೂ ಮಗುವಿಗೂ ಅಪಾಯ.

8. ಮಾತ್ರೆ ಶುರುವಾದ ಮೇಲೆ

ಖಿನ್ನತೆಯ ಮಾತ್ರೆ ಸಾಮಾನ್ಯವಾಗಿ ಎರಡು ಮೂರು ವಾರ ಆದ ಮೇಲೆ ಕೆಲಸ ಶುರು ಮಾಡುತ್ತದೆ. ಮೊದಲ ವಾರದಲ್ಲಿ ಹೊಟ್ಟೆ ತೊಳಸುವುದು, ಬಾಯಿ ಒಣಗುವುದು ಆಗಬಹುದು. ಅದಕ್ಕೇ ಎಷ್ಟೋ ಜನ ಮೊದಲ ವಾರದಲ್ಲೇ "ಇದು ಆಗಿ ಬರಲ್ಲ" ಅಂತ ಬಿಡುತ್ತಾರೆ. ಇನ್ನು ಕೆಲವರು ಎರಡು ತಿಂಗಳಿಗೆ ಗೆಲುವಾದಾಗ "ಇನ್ಯಾಕೆ?" ಅಂತ ಬಿಡುತ್ತಾರೆ. ಎರಡೂ ತಪ್ಪು. ಹುಷಾರಾದ ಮೇಲೂ ಹಲವು ತಿಂಗಳು ಮುಂದುವರಿಸಬೇಕಾಗುತ್ತದೆ. ನಿಲ್ಲಿಸುವುದು ಡಾಕ್ಟರು ಹೇಳಿದಾಗ, ಅವರು ಹೇಳಿದ ಹಾಗೆ ನಿಧಾನವಾಗಿ.

"ಅಭ್ಯಾಸ ಆಗಿಬಿಡುತ್ತೆ" ಅನ್ನುವ ಭಯ ಎಲ್ಲರಿಗೂ ಇದೆ. ಖಿನ್ನತೆಯ ಮಾತ್ರೆಗೆ ಹೆಂಡದ ಹಾಗೆ ಚಟ ಹತ್ತುವುದಿಲ್ಲ. ಕೆಲವು ಬಗೆಯ ನಿದ್ದೆ ಮಾತ್ರೆಗೆ ಅಭ್ಯಾಸವಾಗುವ ಅಪಾಯ ಇದೆ. ಅದಕ್ಕೇ ಚೀಟಿ ಇಲ್ಲದೆ ಮೆಡಿಕಲ್ ಸ್ಟೋರಿನಿಂದ ನಿದ್ದೆ ಮಾತ್ರೆ ತಂದು ನುಂಗಬಾರದು, ಪಕ್ಕದ ಮನೆಯವರಿಗೆ ಕೊಟ್ಟ ಮಾತ್ರೆಯನ್ನೂ ಹಂಚಿಕೊಳ್ಳಬಾರದು.

ಗಟ್ಟಿ ಕಾಯಿಲೆಯೂ ಊರಿನಲ್ಲೇ ಇದ್ದು ಸುಧಾರಿಸಬಹುದು. ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಗಳಲ್ಲೇ ಗುರುತಿಸಿ, ತಾಲ್ಲೂಕು ಮಟ್ಟದಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಬೆನ್ನು ಹತ್ತಿದ್ದಾರೆ. ಕಾಯಿಲೆ ದೀರ್ಘವಾಗಿದ್ದರೆ ಅಂಗವಿಕಲರ ಗುರುತಿನ ಚೀಟಿಗೂ ಅರ್ಜಿ ಹಾಕಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ.

9. ಗಂಡಸರನ್ನು ಹೇಗೆ ಕರೆಯುವುದು

ಸಭೆಗೆ ಬನ್ನಿ ಅಂದರೆ ಬರುವುದಿಲ್ಲ. ಎದುರುಬದುರು ಕೂತು ಕೇಳಿದರೆ "ಏನಿಲ್ಲ ಬಿಡಿ" ಅನ್ನುತ್ತಾರೆ. ಗಂಡಸರು ಕೈಗೆ ಕೆಲಸ ಇದ್ದಾಗ ಮಾತಾಡುತ್ತಾರೆ. ಡೈರಿ ಮುಂದೆ ಕ್ಯಾನ್ ತೊಳೆಯುವಾಗ, ಮಂಡಿಯಲ್ಲಿ ಹರಾಜಿಗೆ ಕಾಯುವಾಗ, ಬೈಕಿನಲ್ಲಿ ಹಿಂದೆ ಕೂತಾಗ. ಟೊಮೆಟೊ ಬೆಲೆ ಬಿದ್ದ ವಾರ "ಬಾಕ್ಸಿಗೆ ಎಷ್ಟು ಹೋಯ್ತು?" ಅಂತ ಕೇಳಿ ಅಲ್ಲಿಗೇ ಬಿಡುತ್ತೇವೆ. "ಮನೆಗೆ ಹೋದ ಮೇಲೆ ನಿದ್ದೆ ಬಂತಾ?" ಅಂತ ಇನ್ನೊಂದು ಪ್ರಶ್ನೆ ಸೇರಿಸಿ. ಕುಡಿತ ಜಾಸ್ತಿ ಆಗಿರುವವರಿಗೆ ಬೈಯಬೇಡಿ, ಬೈಗುಳ ಮನೆಯಲ್ಲೇ ಸಾಕಷ್ಟು ಸಿಕ್ಕಿರುತ್ತದೆ. ಆದರೆ ದಿನಾ ಕುಡಿಯುವವರಿಗೆ "ನಾಳೆಯಿಂದ ಪೂರ್ತಿ ಬಿಡು" ಅಂತ ಹಠ ಹಿಡಿಯಲೂಬೇಡಿ. ಒಮ್ಮೆಗೇ ಬಿಟ್ಟರೆ ಫಿಟ್ಸ್, ಕೈನಡುಕ, ಭ್ರಮೆ ಬರಬಹುದು, ಜೀವಕ್ಕೂ ಅಪಾಯ. ಡಾಕ್ಟರ ಕಣ್ಣೆದುರು ಬಿಡಬೇಕು.

10. ಮುಂದಿನ ತಿಂಗಳು

ವಾಸಿಯಾದವರು ಯಾರಾದರೂ ತಾವಾಗಿಯೇ ಮುಂದೆ ಬಂದರೆ ಅವರಿಂದ ಹೇಳಿಸಿ. ಡಾಕ್ಟರ ಹತ್ತು ಭಾಷಣಕ್ಕಿಂತ "ನನಗೂ ಹೀಗಾಗಿತ್ತು, ಆರು ತಿಂಗಳು ಮಾತ್ರೆ ತಗೊಂಡೆ, ಈಗ ಹಸು ನಾನೇ ಕರೀತೀನಿ" ಅನ್ನುವ ಒಂದು ಮಾತು ಜಾಸ್ತಿ ಕೆಲಸ ಮಾಡುತ್ತದೆ. ಒತ್ತಾಯ ಮಾತ್ರ ಮಾಡಬೇಡಿ. ಹೇಳಿದ ಮೇಲೆ ಊರಿನಲ್ಲಿ ಏನು ಮಾತು ಬರಬಹುದು ಅಂತ ಅವರ ಜೊತೆ ಮೊದಲೇ ಕೂತು ಯೋಚಿಸಿ.

ನಿಮ್ಮ ಬಗ್ಗೆಯೂ ನಿಗಾ ಇರಲಿ. ಎಲ್ಲರ ದುಃಖ ಕೇಳಿ ನಿಮ್ಮ ನಿದ್ದೆ ಹೋದರೆ 14416 ನಿಮಗೂ ಇದೆ. ಇಬ್ಬರು ಮೂವರು ಸೇರಿ ಶುರು ಮಾಡಿ ಅಂದದ್ದು ಇದಕ್ಕೇ. ಸಭೆ ಮುಗಿದ ಮೇಲೆ ನೀವು ನೀವೇ ಹತ್ತು ನಿಮಿಷ ಕೂತು ಮನಸ್ಸು ಹಗುರ ಮಾಡಿಕೊಂಡು ಮನೆಗೆ ಹೋಗಿ.

ಮೊದಲ ತಿಂಗಳು ಹದಿನೈದು ಜನ ಬರುತ್ತಾರೆ, ಎರಡನೇ ತಿಂಗಳು ಆರು, ಮೂರನೇ ತಿಂಗಳು ಮೂರು. ಹೆದರಬೇಡಿ. ದಿನ ಬದಲಾಯಿಸಬೇಡಿ, ಜಾಗ ಬದಲಾಯಿಸಬೇಡಿ. ಎರಡನೇ ಬುಧವಾರ ಮಧ್ಯಾಹ್ನ ಎರಡೂವರೆಗೆ ಅಂಗನವಾಡಿ ಬಾಗಿಲು ತೆರೆದಿರುತ್ತದೆ ಅಂತ ಊರಿಗೆ ಗೊತ್ತಿರಲಿ. ಒಂದು ವರ್ಷ ಆ ಬಾಗಿಲ ಮುಂದೆಯೇ ಹಾದುಹೋಗಿ, ಹದಿಮೂರನೇ ತಿಂಗಳು ಚಪ್ಪಲಿ ಬಿಟ್ಟು ಒಳಗೆ ಬರುವವರೂ ಇರುತ್ತಾರೆ. ಅವರಿಗೆ "ಇಷ್ಟು ದಿನ ಯಾಕೆ ಬರಲಿಲ್ಲ?" ಅಂತ ಕೇಳಬೇಡಿ. ಚಾಪೆ ಸ್ವಲ್ಪ ಸರಿಸಿ ಜಾಗ ಕೊಡಿ.